ಹಳೆ ಜಿಪ್ಸಿಯ ಹಿಂಬಾಗಿಲು ಜೋತು ಬಿದ್ದಿದೆ: ಹಿಂಜ್ ಬದಲಿಸಬೇಕಾ, ಬೇರೆ ಏನಾದರೂ ನೋಡಬೇಕಾ?

ಹಾನಬಾಳು ಜಿಪ್ಸಿ (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ನಮ್ಮದು 1998ರ ಮಾರುತಿ ಜಿಪ್ಸಿ ಕಿಂಗ್, ಹಾರ್ಡ್‌ಟಾಪ್, ಕಾರ್ಬುರೇಟರ್ ಗಾಡಿ. ಅಪ್ಪ ತಗೊಂಡಿದ್ದು. ಈಗ ತೋಟದ ಕೆಲಸಕ್ಕೂ ಅದೇ, ಮಕ್ಕಳನ್ನ ಮುಖ್ಯರಸ್ತೆಗೆ ತಂದು ಸ್ಕೂಲ್ ಬಸ್ ಹತ್ತಿಸೋಕೂ ಅದೇ. ಎಂಜಿನ್, ಗೇರ್‌ಬಾಕ್ಸ್, ಚಾಸಿ ಎಲ್ಲಾ ಗಟ್ಟಿ ಇದೆ. ತಲೆನೋವು ಹಿಂಬಾಗಿಲಿನದು.

ಹ್ಯಾಂಡಲ್ ಇರೋ ಎಡಬದಿ ಕೆಳಗೆ ಇಳಿದಿದೆ. ಲಾಕ್ ಬಿಟ್ಟ ತಕ್ಷಣ ಬಾಗಿಲು ಒಂದು ಬೆರಳಿನಷ್ಟು ಕುಸಿಯುತ್ತೆ, ಮುಚ್ಚುವಾಗ ಮೊಣಕಾಲು ಕೊಟ್ಟು ಎತ್ತಿ ತಳ್ಳಬೇಕು. ಎಡಗಡೆ ಮೇಲಿನ ಮೂಲೆಯಲ್ಲಿ ಸಂದು ಅಗಲ, ಕೆಳಗಿನ ಮೂಲೆಯಲ್ಲಿ ಬಾಡಿಗೆ ತಿಕ್ಕಿ ತಿಕ್ಕಿ ಬಣ್ಣ ಹೋಗಿ ತಗಡು ಕಾಣ್ತಿದೆ. ಮಣ್ಣುರಸ್ತೆಗೆ ಇಳಿದರೆ ಹಿಂದಿನ ಸೀಟಿನ ಮೇಲೆಲ್ಲ ಧೂಳು. ಹೊಗೆ ವಾಸನೆಯೂ ಬರುತ್ತೆ, ಹಿಂದೆ ಕೂರೋ ಮಗಳು ತಲೆನೋವು ಅಂತಾಳೆ.

ಟೈರು 235/75 ಆರ್ 15. ಸ್ಟೆಪ್ನಿಯೂ ಅದೇ ಸೈಜಿನದು, ಬಾಗಿಲಿನ ಮೇಲೇ ಇದೆ. ಪೇಟೆಯ ಒಂದು ಗ್ಯಾರೇಜಿನಲ್ಲಿ ಬಾಡಿ ಕಡೆಯ ಸ್ಟ್ರೈಕರನ್ನ (ಲಾಕ್ ಸಿಕ್ಕಿಕೊಳ್ಳೋ ಕೊಂಡಿ) ಕೆಳಗೆ ಇಳಿಸಿ ಕೊಟ್ಟರು. ಮಳೆಗಾಲ ಮುಗಿಯೋದ್ರೊಳಗೆ ಮತ್ತೆ ಅದೇ ಕಥೆ. ಈಗ ಹೊಸ ಹಿಂಜ್ ಹಾಕಿಸಿ ಅಂತಿದ್ದಾರೆ. ಹಾಕಿಸಿದರೆ ನಿಲ್ಲುತ್ತಾ? ಮಾಡಿಸಿದವರು ಹೇಳಿ.

ಪೇಡಾ ಊರಿನ ಬೊಲೆರೊ (ಧಾರವಾಡ)

ಮೊದಲ ಸ್ಟೆಪ್ನಿ ಇಳಿಸಿ ನೋಡ್ರಿ. ಇಳಿಸಿದ ಮ್ಯಾಲೆ ಬಾಗಿಲ ತಾನಾ ಮ್ಯಾಲೆ ಎದ್ದರ ಲೋಹ ಇನ್ನೂ ಬಾಗಿಲ್ಲ, ಎಲ್ಲೋ ಸಡಿಲ ಆಗೇತಿ ಅಂತ ತಿಳೀರಿ. ಎದ್ದಿಲ್ಲ ಅಂದ್ರ ಹಿಂಜ್ ಅಥವಾ ಅದು ಕೂತ ಬಾಡಿ ಕಂಬಾನ ಬಾಗೇತಿ. ಬೊಲೆರೊದಾಗೂ ಸ್ಟೆಪ್ನಿ ಬಾಗಿಲಿಗೇ ಇರತೈತಿ, ನಮ್ಮಲ್ಲೂ ಇದಾ ರಾಮಾಯಣ. ನಮ್ಮದು ಬರೇ ಬೋಲ್ಟ್ ಸಡಿಲ ಆಗಿದ್ದು, ಬಿಗಿ ಮಾಡಿದ ಮ್ಯಾಲೆ ಸರಿ ಆತು. ನಿಮ್ಮದು ಅಷ್ಟು ಸುಲಭ ಅನಸೂದಿಲ್ಲ.

ಲೇತ್ ಮೇಷ್ಟ್ರು (ಹಾಸನ)

ಹಿಂಜ್ ತಗೊಳ್ಳೋ ಮುಂಚೆ ಸಡಿಲ ಎಲ್ಲಿದೆ ಅಂತ ಹುಡುಕಿ. ಜೋತು ಬಿದ್ದ ಬಾಗಿಲಿಗೆ ಐದಾರು ಕಾರಣ ಇರುತ್ತೆ, ಹೊರಗಿನಿಂದ ಎಲ್ಲಾ ಒಂದೇ ಥರ ಕಾಣುತ್ತೆ. ಸ್ಟ್ರೈಕರ್ ಇಳಿಸೋದು ರಿಪೇರಿ ಅಲ್ಲವೇ ಅಲ್ಲ. ಬಾಗಿಲು ಎಲ್ಲಿಗೆ ಬಿದ್ದಿದೆಯೋ ಅಲ್ಲಿಗೇ ಲಾಕನ್ನ ತಂದು ಕೂರಿಸಿದಂಗೆ ಆಯ್ತು. ಅದಾದ ಮೇಲೆ ಬಾಗಿಲು ಇನ್ನಷ್ಟು ಇಳಿಯೋಕೆ ಅಡ್ಡಿಯೇ ಇರಲ್ಲ.

ಲೆಕ್ಕ ನೋಡಿ. ಜಿಪ್ಸಿ ಕಿಂಗ್ ಕಂಪನಿಯಿಂದ ಬಂದಿದ್ದು 205/70 ಆರ್ 15 ಟೈರಿಗೆ, ಅದರ ವ್ಯಾಸ ಸುಮಾರು 67 ಸೆಂ.ಮೀ. ನಿಮ್ಮ 235/75ರದ್ದು 73 ಸೆಂ.ಮೀ. ದಾಟುತ್ತೆ. ಟೈರು, ರಿಮ್ಮು ಸೇರಿ 25 ಕೆ.ಜಿ. ಹಿಡಿಯಿರಿ, ಬಾಗಿಲಿನದೇ ಒಂದು 20 ಕೆ.ಜಿ. ಒಟ್ಟು 45. ಈ ಭಾರ ಹಿಂಜಿನಿಂದ ಅರ್ಧ ಮೀಟರಿಗಿಂತ ಸ್ವಲ್ಪ ಆಚೆ ತೂಗ್ತಿದೆ. ಎರಡು ಹಿಂಜ್ ನಡುವೆ 50 ಸೆಂ.ಮೀ. ಇದೆ ಅಂತಿಟ್ಟುಕೊಂಡರೆ ಮೇಲಿನ ಹಿಂಜನ್ನ ಹೊರಗೆ ಎಳೆಯೋ ಬಲವೇ ಸುಮಾರು 50 ಕೆ.ಜಿ., ಕೆಳಗಿನದನ್ನ ಒಳಕ್ಕೆ ಒತ್ತೋ ಬಲವೂ ಅಷ್ಟೇ. ಇದು ಗಾಡಿ ನಿಂತಿದ್ದಾಗಿನ ಮಾತು. ಸಾಫ್ಟ್‌ಟಾಪಿನ (ಬಟ್ಟೆ ಚಾವಣಿಯ ಗಾಡಿ) ಅರ್ಧ ಬಾಗಿಲಲ್ಲಿ ಹಿಂಜ್‌ಗಳು ಇನ್ನೂ ಹತ್ತಿರ ಇರುತ್ತವೆ. ಅಂತರ 30 ಸೆಂ.ಮೀ. ಆದರೆ ಅದೇ ಭಾರಕ್ಕೆ ಎಳೆತ 80 ದಾಟುತ್ತೆ. ತೋಟದ ಗೇಟು ಜೋತು ಬೀಳೋದೂ ಇದೇ ಲೆಕ್ಕದಲ್ಲಿ. ಮೇಲಿನ ಕೀಲು ಮೊದಲು ಸವೆಯುತ್ತೆ.

ಈಗ ಪರೀಕ್ಷೆ. ಬಾಗಿಲನ್ನ ಒಂದು ಗೇಣು ತೆಗೆದು ಬಿಡಿ. ಒಬ್ಬರು ಹ್ಯಾಂಡಲ್ ಕಡೆಯ ಕೆಳಮೂಲೆ ಹಿಡಿದು ಮೇಲೆ ಕೆಳಗೆ ಆಡಿಸಲಿ. ಇನ್ನೊಬ್ಬರು ಟಾರ್ಚ್ ಹಿಡಿದು ಮೇಲಿನ ಹಿಂಜಿನ ಮೇಲೆ ಬೆರಳಿಟ್ಟು ನೋಡಲಿ.

ಹಿಂಜಿನ ಎರಡು ಎಲೆಗಳ (ಪಟ್ಟಿಗಳ) ನಡುವೆ ಕಟಕಟ ಅಂದರೆ ಪಿನ್ನೋ ಪಿನ್ ಕೂರೋ ರಂಧ್ರವೋ ಸವೆದಿದೆ. ಎಲೆ ಮತ್ತು ಬಾಡಿ ನಡುವೆ ಸಂದು ತೆರೆದು ಮುಚ್ಚುತ್ತಿದ್ದರೆ ಬೋಲ್ಟ್ ಸಡಿಲ, ಇಲ್ಲ ಒಳಗಿನ ನಟ್ಟು ಹಿಡಿದ ತಗಡು ಹರಿದಿದೆ. ಹಿಂಜ್ ಅಲುಗದೆ ಅದರ ಸುತ್ತಲಿನ ತಗಡೇ ಉಸಿರಾಡಿದಂಗೆ ಉಬ್ಬಿ ತಗ್ಗಿದರೆ ಕಂಬದಲ್ಲೋ ಬಾಗಿಲಿನ ಒಳಪದರದಲ್ಲೋ ಬಿರುಕು ಇದೆ. ಇವು ಮೂರೂ ಇಲ್ಲ, ಆದರೂ ಬಾಗಿಲು ಕೆಳಗಿದೆ ಅಂದರೆ ಬಾಡಿ ಮೌಂಟಿನ (ಚಾಸಿ ಮೇಲೆ ಬಾಡಿ ಕೂರೋ ಜಾಗ) ರಬ್ಬರ್ ಕುಸಿದು ಬಾಗಿಲ ಚೌಕಟ್ಟೇ ಸೊಟ್ಟ ಆಗಿರಬಹುದು. ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿದು ಅಳೆಯಿರಿ.

ಕೊನೆಗೆ ಸ್ಟೆಪ್ನಿ ಬ್ರಾಕೆಟ್ ಹಿಡಿದು ಜಗ್ಗಿ. ಇದನ್ನ ಮಾತ್ರ ಮರೀಬೇಡಿ.

ತೋಟದಮನೆ ಅಕ್ಕ (ಮೂಡಿಗೆರೆ)

ಬಾಗಿಲು ಆಮೇಲೆ ನೋಡಿ. ಮಗಳಿಗೆ ತಲೆನೋವು ಅಂದಿದ್ದೀರಲ್ಲ, ಅದು ಧೂಳಿಂದ ಅಂತ ಬಿಟ್ಟುಬಿಡಬೇಡಿ. ಡಬ್ಬದಾಕಾರದ ಗಾಡಿ ಮುಂದಕ್ಕೆ ಓಡುವಾಗ ಹಿಂದುಗಡೆ ಗಾಳಿಯ ಒತ್ತಡ ಕಮ್ಮಿ ಆಗುತ್ತೆ, ಸೈಲೆನ್ಸರಿನ ಹೊಗೆ ಅಲ್ಲೇ ಸುತ್ತುತ್ತಾ ಇರುತ್ತೆ. ಬಾಗಿಲಲ್ಲಿ ಸಂದು ಇದ್ದರೆ ನೇರ ಒಳಗೆ ಬರುತ್ತೆ. ಅದರಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ನಿದ್ದೆ ಬಂದಂಗಾಗೋದು ಅದರ ಲಕ್ಷಣ. ಕಾರ್ಬುರೇಟರ್ ಗಾಡಿಯ ಟ್ಯೂನಿಂಗ್ ಸ್ವಲ್ಪ ಹದ ತಪ್ಪಿದರೂ ಅದು ಜಾಸ್ತಿಯೇ ಬರುತ್ತೆ.

ಸರಿ ಆಗೋ ತನಕ ಮಕ್ಕಳನ್ನ ಹಿಂದೆ ಕೂರಿಸಬೇಡಿ. ಕೂರಿಸಲೇಬೇಕಾದರೆ ಮುಂದಿನ ಕಿಟಕಿಗಳನ್ನ ಇಳಿಸಿ, ಬ್ಲೋವರ್ ಹಾಕಿ. ಹಿಂದಿನ ಗಾಜು ಮಾತ್ರ ತೆಗೆದರೆ ಹೊಗೆ ಇನ್ನೂ ಹೆಚ್ಚು ಒಳಗೆ ಎಳೆಯುತ್ತೆ. ಸೈಲೆನ್ಸರ್ ಪೈಪಿನ ಜಾಯಿಂಟುಗಳಲ್ಲಿ ಮಸಿ ಹಿಡಿದಿದೆಯಾ ಅಂತಲೂ ನೋಡಿ. ಮಗಳ ತಲೆನೋವು ಗಾಡಿ ಇಳಿದ ಮೇಲೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ, ಹೊಗೆಯ ವಿಷಯ ಮೊದಲೇ ಹೇಳಿ.

ಹಾನಬಾಳು ಜಿಪ್ಸಿ (ಸಕಲೇಶಪುರ)

ಅಕ್ಕ, ಧನ್ಯವಾದ. ಇವತ್ತಿಂದಲೇ ಮಕ್ಕಳು ಮುಂದೆ. ಮಗಳು ಆರಾಮಾಗಿದ್ದಾಳೆ, ಗಾಡಿ ಇಳಿದು ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ ಅಂದಳು.

ಮೇಷ್ಟ್ರು ಹೇಳಿದಂಗೆ ನೋಡಿದ್ವಿ. ಸ್ಟೆಪ್ನಿ ಇಳಿಸಿದರೆ ಬಾಗಿಲು ಅರ್ಧ ಮೇಲೆ ಬರುತ್ತೆ, ಪೂರ್ತಿ ಅಲ್ಲ. ಮೇಲಿನ ಹಿಂಜಿನಲ್ಲಿ ಪಿನ್ ಕಟಕಟ ಅನ್ನುತ್ತೆ, ಬೆರಳಿಗೇ ಗೊತ್ತಾಗುತ್ತೆ. ಕೆಳಗಿನದರಲ್ಲಿ ಅಷ್ಟಿಲ್ಲ. ಬೋಲ್ಟುಗಳು ಬಿಗಿ. ಕಂಬದ ತಗಡು ಅಲುಗಲ್ಲ. ಮೂಲೆಯಿಂದ ಮೂಲೆಗೆ ಅಳತೆ ಎರಡೂ ಕಡೆ ಒಂದೇ.

ಬ್ರಾಕೆಟ್ ಜಗ್ಗಿದಾಗ ಮಾತ್ರ ಬಾಗಿಲಿನ ತಗಡು ಡಬ್ ಡಬ್ ಅಂತು. ಒಳಗಡೆ ಬಾಗಿಲ ಹಲಗೆ ಬಿಚ್ಚಿ ನೋಡಿದರೆ ಬ್ರಾಕೆಟಿನ ಮೇಲಿನ ಬಲ ಬೋಲ್ಟಿನಿಂದ ಶುರುವಾಗಿ ಒಂದು ಬಿರುಕು ಹಿಂಜ್ ಕಡೆಗೆ ಓಡಿದೆ. ಕಿರುಬೆರಳಿನಷ್ಟು ಉದ್ದ. ಅದರ ಸುತ್ತ ಕಂದು ಬಣ್ಣದ ಪುಡಿ.

ಲೇತ್ ಮೇಷ್ಟ್ರು (ಹಾಸನ)

ಹಾಗಾದರೆ ನಿಮ್ಮದು ಎರಡು ಕಾಯಿಲೆ. ಹೊಸ ಹಿಂಜ್ ಹಾಕಿಸಿ ಬಿರುಕು ಹಾಗೇ ಬಿಟ್ಟಿದ್ದರೆ ಆರು ತಿಂಗಳಲ್ಲಿ ಮತ್ತೆ ಇಲ್ಲೇ ಬರ್ತಿದ್ರಿ. ಕಂದು ಪುಡಿ ಇದೆ ಅಂದರೆ ತಗಡಿಗೆ ತಗಡು ಉಜ್ಜುತ್ತಿದೆ, ಬಿರುಕು ಬೆಳೀತಾ ಇದೆ.

ಬಿರುಕಿನ ಕೆಲಸ ಮೊದಲು, ಹಿಂಜ್ ಆಮೇಲೆ. ವೆಲ್ಡಿಂಗ್ ಶಾಖಕ್ಕೆ ತಗಡು ಸ್ವಲ್ಪವಾದರೂ ಎಳೆದುಕೊಳ್ಳುತ್ತೆ. ಹಿಂಜ್ ಮೊದಲು ಕೂರಿಸಿದರೆ ಹೊಂದಿಸಿದ್ದೆಲ್ಲ ದಂಡ.

ಕಡಲತಡಿ (ಕುಂದಾಪುರ)

ಮಾರಾಯ್ರೆ, ಬಾಗಿಲಿನ ತಳದಲ್ಲಿ ನೀರು ಹೋಗಲಿಕ್ಕೆ ಸಣ್ಣ ಸಣ್ಣ ತೂತು ಉಂಟು, ಅದನ್ನು ಕಡ್ಡಿ ಹಾಕಿ ಬಿಡಿಸಿ ನೋಡಿ. ನಮ್ಮ ಕಡೆ ಉಪ್ಪುಗಾಳಿ, ನಿಮ್ಮ ಕಡೆ ಮಳೆ. ಎರಡು ಕಡೆಯೂ ತುಕ್ಕು ಒಳಗಿಂದಲೇ ಬರುವುದು. ಸ್ಟೆಪ್ನಿ ಬ್ರಾಕೆಟಿನ ಬೋಲ್ಟಿನ ಬುಡದಿಂದ ನೀರು ಇಳಿದು ತಳದಲ್ಲಿ ಕೆಸರು ಕೂತಿದ್ದರೆ ಬಾಗಿಲಿನ ಭಾರವೂ ಹೆಚ್ಚು, ತಗಡೂ ಹಾಳು. ಸ್ಕ್ರೂಡ್ರೈವರ್ ಹಿಡಿಯಲ್ಲಿ ತಳವನ್ನೆಲ್ಲ ಕುಟ್ಟಿ ಬನ್ನಿ. ಟಣ್ ಅಂತ ಕೇಳಬೇಕು. ಬೊದ್ದು ಶಬ್ದ ಬಂದಲ್ಲಿ ಒಳಗೆ ತುಕ್ಕು ಗ್ಯಾರಂಟಿ. ಅಂಥ ಜಾಗಕ್ಕೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದು ಕೊಡುವವರ ಹತ್ತಿರ ಹೋಗಲೇಬೇಡಿ.

ಅಗ್ರಹಾರ ಟಿಂಕರ್ (ಮೈಸೂರು)

ಬಿರುಕಿನ ಬಗ್ಗೆ ನಾನು ಹೇಳ್ತೀನಿ, ದಿನಾ ಮಾಡೋ ಕೆಲಸ.

ಬಿರುಕು ಎಲ್ಲಿ ಮುಗಿದಿದೆ ಅಂತ ಕಣ್ಣಿಗೆ ಕಾಣೋದು ಬೇರೆ, ನಿಜವಾಗಿ ಮುಗಿದಿರೋದು ಬೇರೆ. ಪೇಂಟ್ ಪೂರ್ತಿ ಕೆರೆದು, ಸೀಮೆಎಣ್ಣೆ ಸವರಿ ಒರೆಸಿ, ಮೇಲೆ ಚಾಕ್ ಪುಡಿ ಉದುರಿಸಿ. ಬಿರುಕಿನೊಳಗೆ ಉಳಿದ ಎಣ್ಣೆ ಪುಡಿಯಲ್ಲಿ ಗೆರೆಯಾಗಿ ಕಾಣುತ್ತೆ. ಆ ಗೆರೆಯ ತುದಿಗೆ 3 ಮಿ.ಮೀ. ತೂತು ಹೊಡೀಬೇಕು, ಇಲ್ಲದಿದ್ದರೆ ವೆಲ್ಡ್ ಮಾಡಿದ ಮೇಲೂ ಬಿರುಕು ಮುಂದಕ್ಕೆ ಓಡುತ್ತೆ. ವೆಲ್ಡಿಂಗ್ ಮುಂಚೆ ಆ ಎಣ್ಣೆಯನ್ನ ಥಿನ್ನರ್ ಹಾಕಿ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಬೇಕು.

ವೆಲ್ಡಿಂಗ್‌ಗೆ ಮಿಗ್ ಮಷಿನ್ (ತೆಳು ತಂತಿ ಉಣಿಸಿ ಬೆಸೆಯೋದು) ಇರೋ ಕಡೆ ಹೋಗಿ. ಒಂದು ಮಿ.ಮೀ. ಆಸುಪಾಸಿನ ತಗಡಿಗೆ ರಾಡ್ ವೆಲ್ಡಿಂಗ್ ಹಿಡಿದರೆ ತೂತು ಬೀಳುತ್ತೆ, ಗ್ಯಾಸ್ ಹಿಡಿದರೆ ಇಡೀ ತಗಡು ಸುಕ್ಕಾಗುತ್ತೆ. ಒಂದು ಚುಕ್ಕೆ ಇಟ್ಟು, ಆರೋಕೆ ಬಿಟ್ಟು, ಇನ್ನೊಂದು ತುದಿಯಲ್ಲಿ ಇನ್ನೊಂದು ಚುಕ್ಕೆ, ಹಾಗೆ ಹೋಗಬೇಕು.

ಬರೀ ಬಿರುಕು ಮುಚ್ಚಿದರೆ ಸಾಲದು. ಒಳಗಡೆಯಿಂದ 2 ಮಿ.ಮೀ. ಪ್ಲೇಟ್ ಕೊಡಿ, ಬ್ರಾಕೆಟಿನ ಎಲ್ಲಾ ಬೋಲ್ಟುಗಳನ್ನ ಒಂದೇ ಪ್ಲೇಟ್ ಹಿಡಿಯೋ ಹಾಗೆ. ಪ್ಲೇಟಿನ ಮೂಲೆಗಳನ್ನ ದುಂಡಗೆ ಮಾಡಿ. ಚೂಪು ಮೂಲೆ ಬಿಟ್ಟರೆ ಮುಂದಿನ ಬಿರುಕು ಅಲ್ಲಿಂದಲೇ ಶುರು. ಪ್ಲೇಟಿನ ಸುತ್ತ ಉದ್ದಕ್ಕೂ ವೆಲ್ಡ್ ಎಳೆಯೋದು ಬೇಡ. ಪ್ಲೇಟಿಗೆ ಅಲ್ಲಲ್ಲಿ ತೂತು ಹೊಡೆದು ಆ ತೂತುಗಳನ್ನ ವೆಲ್ಡ್ ತುಂಬಿ ಮುಚ್ಚಿದರೆ ಸಾಕು. ವೆಲ್ಡ್ ಬೀಳೋ ಜಾಗ ಬಿಟ್ಟು ಪ್ಲೇಟ್, ತಗಡು ಎರಡರ ಒಳಮೈಗೂ ಜಿಂಕ್ ಪ್ರೈಮರ್ ಹೊಡೆದೇ ಕೂರಿಸಿ, ಆಮೇಲೆ ಒಳಗೆ ಬ್ರಷ್ ಹೋಗಲ್ಲ.

ಬಾಗಿಲನ್ನ ಗಾಡಿಯಿಂದ ಬಿಚ್ಚಿ ದೂರ ಇಟ್ಟೇ ಈ ಕೆಲಸ ಮಾಡಿಸಿ. ಜಿಪ್ಸಿಯ ಪೆಟ್ರೋಲ್ ಟ್ಯಾಂಕ್ ಇರೋದು ಹಿಂದೆ, ಫ್ಲೋರಿನ ಕೆಳಗೆ. ಕಿಡಿ ಹಾರೋ ಜಾಗ ಅಲ್ಲ ಅದು. ಗಾಡಿ ಮೇಲೇ ವೆಲ್ಡಿಂಗ್ ಮಾಡೋ ಪ್ರಸಂಗ ಬಂದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿ. 2000ದ ನಂತರದ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಧನ ಇಂಜೆಕ್ಷನ್) ಗಾಡಿ ಇರೋರು ಇದನ್ನ ಇನ್ನೂ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹೋದರೆ ಬಾಗಿಲಿನ ಖರ್ಚಿಗಿಂತ ಅದರದ್ದೇ ಜಾಸ್ತಿ.

ಚಾರ್ಮಾಡಿ ಚಕ್ರ (ಬೆಳ್ತಂಗಡಿ)

ಇಷ್ಟೆಲ್ಲ ಯಾಕೆ? ಹಿಂದಿನ ಬಂಪರಿಗೆ ಬೇರೆ ಕೈ ಮಾಡಿಸಿ ಸ್ಟೆಪ್ನಿ ಅದಕ್ಕೆ ಹಾಕಿ. ಬಾಗಿಲಿಗೆ ಭಾರವೇ ಇರುವುದಿಲ್ಲ. ರ್‍ಯಾಲಿ ಗಾಡಿಗಳಲ್ಲಿ ನೋಡಿದ್ದೇನೆ.

ತೋಟದಮನೆ ಅಕ್ಕ (ಮೂಡಿಗೆರೆ)

ಕಲ್ಪನೆ ಒಳ್ಳೆಯದೇ, ಭಾರ ಚಾಸಿಗೆ ಹೋಗುತ್ತೆ. ಆದರೆ ಇದು ದಿನಾ ರಸ್ತೆಗೆ ಇಳಿಯೋ ಗಾಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವ ಹಾಗಿಲ್ಲ ಅಂತ ಹೇಳಿದೆ. ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆ) ಹೋದಾಗ ಕೇಳಿದರೆ ಉತ್ತರ ಬೇಕು. ಮಾಡಿಸೋದೇ ಆದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ.

ಇನ್ನೊಂದು, ಬಂಪರ್ ಕೈಗೂ ಕೀಲು ಇದೆ, ಅದೂ ಸವೆಯುತ್ತೆ. ಬಾಗಿಲು ತೆಗೆಯೋಕೆ ಪ್ರತಿ ಸಲ ಮೊದಲು ಕೈ ತಿರುಗಿಸಬೇಕು. ಮಳೆಯಲ್ಲಿ ಗೊಬ್ಬರದ ಚೀಲ ಇಳಿಸುವಾಗ ಅದರ ಕಷ್ಟ ಗೊತ್ತಾಗುತ್ತೆ.

ಸ್ಟೆಪ್ನಿಯನ್ನ ಒಳಗೆ ಹಾಕಿ ಅಂತ ಹೇಳೋರೂ ಬರ್ತಾರೆ. ಕಟ್ಟದೆ ಒಳಗಿಟ್ಟ ಚಕ್ರ, ಬ್ರೇಕ್ ಹಾಕಿದಾಗ ಹಿಂದಿನವರ ಬೆನ್ನಿಗೇ ಬರುತ್ತೆ.

ಹಾನಬಾಳು ಜಿಪ್ಸಿ (ಸಕಲೇಶಪುರ)

ಬಂಪರ್ ಕೆಲಸ ಬೇಡ, 2028ಕ್ಕೆ ಎಫ್‌ಸಿ ಇದೆ. ಬಾಗಿಲನ್ನೇ ಗಟ್ಟಿ ಮಾಡಿಸ್ತೀನಿ.

ಹಿಂಜ್ ವಿಷಯ ಹೇಳಿ. ಹೊಸದು ಸಿಗುತ್ತಾ, ಇರೋದನ್ನೇ ಸರಿ ಮಾಡಿಸಲಾ? ಸೇನೆಯಿಂದ ಹರಾಜಾದ ಜಿಪ್ಸಿಯ ಬಾಗಿಲು ಹಿಂಜ್ ಸಮೇತ ಒಂದು ಕಡೆ ಇದೆ ಅಂತಾರೆ.

ಪೇಡಾ ಊರಿನ ಬೊಲೆರೊ (ಧಾರವಾಡ)

ಸೇನೆಯ ಗಾಡಿ ಬಹಳಷ್ಟು ಸಾಫ್ಟ್‌ಟಾಪ್ ಇರ್ತಾವ್ರಿ. ಅರ್ಧ ಬಾಗಿಲ ನಿಮ್ಮ ಹಾರ್ಡ್‌ಟಾಪಿಗೆ ಬರೂದಿಲ್ಲ. ರೊಕ್ಕ ಕೊಡೂಕ್ಕಿಂತ ಮೊದಲ ನೋಡ್ಕೋರಿ.

ಲೇತ್ ಮೇಷ್ಟ್ರು (ಹಾಸನ)

ಜಿಪ್ಸಿಯನ್ನ ಜನರಿಗೆ ಮಾರೋದು 2019ರಲ್ಲಿ ನಿಂತಿತು. ಬಿಡಿಭಾಗ ಇನ್ನೂ ಸಿಗುತ್ತೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ. ಆದರೆ ಡಬ್ಬಿ ಮೇಲಿನ ಹೆಸರು ನೋಡಿ ತಗೋಬೇಡಿ. ಪಿನ್ ಹಾಕಿ ಆಡಿಸಿ ನೋಡಿ. ಹೊಸದರಲ್ಲೇ ಸಡಿಲ ಇದ್ದರೆ ವಾಪಸ್ ಕೊಡಿ. ಅಸಲಿ ಹಿಂಜ್ ಎಲೆ ಬಾಗಿಲ್ಲ ಅಂದರೆ ನಾನು ಹಳೆಯದಕ್ಕೇ ಬುಶ್ (ರಂಧ್ರದೊಳಗೆ ಕೂರೋ ಲೋಹದ ಕೊಳವೆ) ಹಾಕಿ ಅಂತೀನಿ. ಆ ಕಬ್ಬಿಣ ಇವತ್ತಿನ ನಕಲಿಗಿಂತ ಚೆನ್ನಾಗಿದೆ.

ಸವೆದ ರಂಧ್ರ ದುಂಡಗಿರಲ್ಲ, ಮೊಟ್ಟೆಯಾಕಾರ ಆಗಿರುತ್ತೆ. ಅದಕ್ಕೆ ಬರೀ ಹೊಸ ಪಿನ್ ಹಾಕಿದರೆ ಪ್ರಯೋಜನ ಇಲ್ಲ. ಪಿನ್ 8 ಮಿ.ಮೀ. ಇದೆ ಅಂತಿಟ್ಟುಕೊಳ್ಳಿ. ರಂಧ್ರವನ್ನ 11 ಮಿ.ಮೀ.ಗೆ ದೊಡ್ಡದು ಮಾಡಿ ಒಳಗೆ ಗನ್‌ಮೆಟಲ್ (ಒಂದು ಬಗೆಯ ಕಂಚು) ಬುಶ್ ಬಿಗಿಯಾಗಿ ಒತ್ತಿ ಕೂರಿಸಬೇಕು. ಸುತ್ತ ಉಳಿಯೋ ಕಬ್ಬಿಣ 2 ಮಿ.ಮೀ.ಗಿಂತ ಕಮ್ಮಿ ಆಗುತ್ತೆ ಅಂದರೆ ಬುಶ್ ತೆಳ್ಳಗೆ ಮಾಡಿ, ಹಿಂಜ್ ಕೊರೆಯಬೇಡಿ. ಬುಶ್ ಕೂರಿಸಿದ ಮೇಲೆ ರೀಮರ್ (ರಂಧ್ರವನ್ನ ನಯವಾಗಿ ಅಳತೆಗೆ ತರೋ ಉಪಕರಣ) ಹಾಕಿ ಪಿನ್ನಿಗೆ ಸರಿಯಾಗಿ ತೆಗೀಬೇಕು, 0.05 ಮಿ.ಮೀ. ಸಡಿಲ ಸಾಕು. ಪಿನ್‌ಗೆ ಇಎನ್8 ಉಕ್ಕು ಕೇಳಿ, ಸಾದಾ ಕಬ್ಬಿಣದ ಸರಳು ಬೇಡ. ಎರಡೂ ಹಿಂಜ್ ಒಟ್ಟಿಗೇ ಮಾಡಿಸಿ. ಕೆಳಗಿನದು ಈಗ ಚೆನ್ನಾಗಿದೆ ಅನ್ನಿಸಿದರೂ ಅದರ ಸವೆತವೂ ನಿಮ್ಮ ಬಾಗಿಲಿನ ಇಳಿತದಲ್ಲಿ ಪಾಲು ಹೊಂದಿದೆ.

ಲೇತಿನವರು ಡ್ರಿಲ್ಲಿಂಗ್ ಮಷಿನ್ನಿನಲ್ಲಿ ಕೈ ಅಂದಾಜಿಗೆ ಹೊಡೆದು ಕೊಡ್ತೀನಿ ಅಂದರೆ ಒಪ್ಪಬೇಡಿ. ರಂಧ್ರ ಓರೆ ಆದರೆ ಎರಡು ಪಿನ್ ಒಂದೇ ಗೆರೆಗೆ ಬರಲ್ಲ. ಬಾಗಿಲು ಅರ್ಧಕ್ಕೆ ಬಿಗಿ ಹಿಡಿಯುತ್ತೆ, ಬುಶ್ ಒಂದೇ ಮಗ್ಗುಲಲ್ಲಿ ತಿನ್ನುತ್ತೆ.

ಬಿಚ್ಚುವ ಮುಂಚೆ ಹಿಂಜ್ ಎಲೆಯ ಸುತ್ತ ಚೂಪು ಮೊಳೆಯಿಂದ ಗೆರೆ ಎಳೆಯಿರಿ. ಬೋಲ್ಟುಗಳಿಗೆ ಹಿಂದಿನ ದಿನವೇ ಡಬ್ಲ್ಯುಡಿ-40 ಬಿಡಿ. ತಲೆ ಸವೆಯೋ ಸ್ಕ್ರೂ ಇದ್ದರೆ ಸುತ್ತಿಗೆಯಲ್ಲಿ ಹೊಡೆಯೋ ಇಂಪ್ಯಾಕ್ಟ್ ಡ್ರೈವರ್ ತನ್ನಿ. ಬಾಗಿಲಿನ ಕೆಳಗೆ ಜಾಕ್, ಅದರ ಮೇಲೆ ಮರದ ತುಂಡು, ಅದರ ಮೇಲೆ ಗೋಣಿ. ಬಾಗಿಲಲ್ಲಿ ವೈಪರ್ ಮೋಟಾರ್ ಇದ್ದರೆ ಅದರ ವೈರ್ ಮೊದಲೇ ಬಿಚ್ಚಿ.

ತಿರುಗಿ ಕೂರಿಸುವಾಗ ಸ್ಟೆಪ್ನಿ ಇಲ್ಲದೆ ಹೊಂದಿಸಿ. ಹ್ಯಾಂಡಲ್ ಕಡೆ ಒಂದೆರಡು ಮಿ.ಮೀ. ಮೇಲಕ್ಕೇ ಇರಲಿ, ಚಕ್ರ ಏರಿಸಿದ ಮೇಲೆ ಅಷ್ಟು ಇಳಿದು ಸಮ ಆಗುತ್ತೆ. ವಾಶರ್ ತುಂಬಿಸಿ ಎತ್ತೋ ಯೋಚನೆ ಬಂದರೆ ಎಲೆ ಯಾವ ಮುಖಕ್ಕೆ ಕೂತಿದೆ ನೋಡಿ. ಕಂಬದ ಮಗ್ಗುಲಿಗೆ ಕೂತಿದ್ದರೆ ಕೆಳಗಿನ ಹಿಂಜಿಗೆ ಕೊಟ್ಟ ವಾಶರ್ ಬಾಗಿಲಿನ ತುದಿಯನ್ನ ಮೇಲೆತ್ತುತ್ತೆ. ಹಿಂಬದಿ ಮುಖಕ್ಕೆ ಕೂತಿದ್ದರೆ ಬಾಗಿಲು ಹಿಂದಕ್ಕೆ ಬರುತ್ತೆ, ಮೇಲೇಳಲ್ಲ. ಅಲ್ಲಿ ಬೋಲ್ಟ್ ರಂಧ್ರದ ಸಡಿಲದಲ್ಲೇ ಸರಿಸಬೇಕು. ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ ಸ್ಟ್ರೈಕರ್.

ಹಾನಬಾಳು ಜಿಪ್ಸಿ (ಸಕಲೇಶಪುರ)

ಕೆಲಸ ಮುಗೀತು. ಬಾಗಿಲು ಬಿಚ್ಚಿಕೊಂಡು ಹಾಸನಕ್ಕೇ ಒಯ್ದೆ. ಪ್ಲೇಟ್ ಕೊಟ್ಟು ಮಿಗ್ ವೆಲ್ಡಿಂಗ್, ಎರಡೂ ಹಿಂಜಿಗೆ ಗನ್‌ಮೆಟಲ್ ಬುಶ್, ಹೊಸ ಪಿನ್. ತಳದ ತೂತು ಬಿಡಿಸಿದಾಗ ಒಂದು ಬೊಗಸೆ ಕೆಸರು ಬಂತು, ಕುಂದಾಪುರದವರು ಹೇಳಿದ್ದು ನಿಜ. ಹಳೇ ಪಿನ್ ಕೈಯಲ್ಲಿ ಹಿಡಿದು ನೋಡಿದೆ. ಒಂದು ಮಗ್ಗುಲು ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲಾಗಿ ಸವೆದಿದೆ.

ಸ್ಟ್ರೈಕರನ್ನ ಹಳೆ ಗುರುತಿಗೇ ತಂದೆ. ಈಗ ಸ್ಟೆಪ್ನಿ ಇದ್ದೂ ಎರಡು ಬೆರಳಲ್ಲಿ ತಳ್ಳಿದರೆ ಬಾಗಿಲು ಕೂರುತ್ತೆ. ಬಾಗಿಲ ಸುತ್ತ ಕಾಗದದ ಚೂರು ಇಟ್ಟು ಮುಚ್ಚಿ ಎಳೆದು ನೋಡಿದೆ. ಮೂರು ಕಡೆ ಬಿಗಿ, ಎಡ ಕೆಳಮೂಲೆಯಲ್ಲಿ ಮಾತ್ರ ಕಾಗದ ಸಲೀಸಾಗಿ ಬರುತ್ತೆ. ಅಲ್ಲಿ ಬಾಗಿಲ ಸುತ್ತಿನ ರಬ್ಬರ್ ಬೀಡಿಂಗ್ ಚಪ್ಪಟೆ ಆಗಿದೆ. ಅಷ್ಟು ತುಂಡು ಮಾತ್ರ ಹಾಕಿಸಬಹುದಾ?

ಅಗ್ರಹಾರ ಟಿಂಕರ್ (ಮೈಸೂರು)

ತುಂಡು ಬೇಡ, ಜಾಯಿಂಟಿನಲ್ಲಿ ಮತ್ತೆ ಸಂದು ಬೀಳುತ್ತೆ. ಪೂರ್ತಿ ಸುತ್ತು ಹೊಸದು ಹಾಕಿಸಿ, ಜೋಡಣೆ ಕೆಳಗಡೆ ಮಧ್ಯಕ್ಕೆ ಬರಲಿ. ಬೀಡಿಂಗ್ ಹೊಸದಿದ್ದಾಗ ಬಾಗಿಲು ಸ್ವಲ್ಪ ಗಟ್ಟಿ ಅನ್ನಿಸುತ್ತೆ. ಅದಕ್ಕೆ ಅಂತ ಸ್ಟ್ರೈಕರ್ ಮುಟ್ಟಬೇಡಿ, ರಬ್ಬರ್ ತಾನೇ ಕೂರುತ್ತೆ.

ಸ್ಟೆಪ್ನಿಯ ಹಿಂದೆ ಬಾಗಿಲಿಗೆ ಒತ್ತೋ ರಬ್ಬರ್ ಗುಂಡಿಗಳನ್ನೂ ನೋಡಿ. ದೊಡ್ಡ ಟೈರು ಹಾಕಿದ ಮೇಲೆ ಚಕ್ರ ಅವುಗಳಿಗೆ ತಾಗಿ ಬಿಗಿಯಾಗಿ ಕೂರಬೇಕು. ತಾಗದೆ ಇದ್ದರೆ ಚಕ್ರ ಬ್ರಾಕೆಟಿನ ಮೇಲೆ ಕುಣಿದು ಬಿರುಕು ಮತ್ತೆ ಬರುತ್ತೆ.

ತೋಟದಮನೆ ಅಕ್ಕ (ಮೂಡಿಗೆರೆ)

ಬೀಡಿಂಗ್ ಹಾಕಿಸಿ, ಹೊಗೆ ವಾಸನೆ ಪೂರ್ತಿ ಹೋಗಿದೆಯಾ ಅಂತ ನೀವೇ ಹಿಂದೆ ಕೂತು ಒಂದು ಸುತ್ತು ಹೋಗಿ ಬನ್ನಿ. ಕಾರ್ಬನ್ ಮೊನಾಕ್ಸೈಡ್ ಅಳೆಯೋ ಬ್ಯಾಟರಿ ಡಿಟೆಕ್ಟರ್ ಸಿಗುತ್ತೆ, ಅದನ್ನೂ ಒಂದು ಇಟ್ಟುಕೊಳ್ಳಿ. ಆಮೇಲೆ ಮಕ್ಕಳನ್ನ ಕೂರಿಸಿ.

ಹಾನಬಾಳು ಜಿಪ್ಸಿ (ಸಕಲೇಶಪುರ)

ಹಾಗೇ ಮಾಡ್ತೀನಿ ಅಕ್ಕ. ಗುಂಡಿ ಎರಡರಲ್ಲಿ ಒಂದು ಚಕ್ರಕ್ಕೆ ತಾಗ್ತಾ ಇಲ್ಲ, ಈಗಷ್ಟೇ ನೋಡಿದೆ. ನಾಳೆ ಬೀಡಿಂಗ್ ಜೊತೆ ಅದನ್ನೂ ತರ್ತೀನಿ.